ಎಲ್ಲರೂ ಕೂಡಿ ಮುಗಿಸಿದ ಕೌದಿ

ವೈಟ್‌ಫೀಲ್ಡಿನ ಮಾಲೊಂದರಲ್ಲಿ ಮೊನ್ನೆ ಕರಕುಶಲ ವಸ್ತುಗಳ ಮಳಿಗೆ ಹಾಕಿದ್ದರು. ಪಾಪ್‌ಕಾರ್ನಿನ ಬೆಣ್ಣೆ, ಯಾರದೋ ದುಬಾರಿ ಸೆಂಟು... ಅವುಗಳ ನಡುವೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ವರ್ಷಗಟ್ಟಲೆ ಒಗೆದು, ಬಿಸಿಲಿಗೆ ಹಾಕಿ ಸವೆದ ಹತ್ತಿ ಸೀರೆಯ ವಾಸನೆ. ತಿರುಗಿ ನೋಡಿದರೆ ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕೈಯಲ್ಲೇ ಹೊಲಿಯುವ ನಮ್ಮ ಕಡೆಯ ಹೊದಿಕೆ. ಪಕ್ಕದಲ್ಲೊಂದು ಫಲಕ: ‘ಪ್ರೀತಿಯಿಂದ ಹೊಲಿದದ್ದು.’

ಇದನ್ನು ನಾನು ಒಪ್ಪುವುದಿಲ್ಲ. ಕೌದಿಯನ್ನು ಯಾವ ಯಾವ ಕಾರಣಕ್ಕೆ ಹೊಲಿಯುತ್ತಾರೆ ಎಂಬುದಕ್ಕೆ ನನ್ನಲ್ಲಿ ಬೇರೆ ಸಾಕ್ಷಿಯಿದೆ.

ನಾನು ಹೈಸ್ಕೂಲಿನಲ್ಲಿದ್ದಾಗ, ಶ್ರಾವಣದ ಆರಂಭಕ್ಕೆ, ಅಪ್ಪನ ಅಕ್ಕ ಕುಂದಲಹಳ್ಳಿಯ ನಮ್ಮ ಫ್ಲಾಟಿಗೆ ಬಂದರು. ಹಾವೇರಿ ಕಡೆಯ ಹಳ್ಳಿಯವರು. ಮಾವ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮೈದುನರು ಮನೆಯನ್ನು ತಮ್ಮತಮ್ಮಲ್ಲೇ ಹಂಚಿಕೊಂಡು, ದನದ ಕೊಟ್ಟಿಗೆಗೆ ಅಂಟಿಕೊಂಡ ತಗಡಿನ ಕೋಣೆಯೊಂದನ್ನು ಇವರಿಗೆ ತೋರಿಸಿದ್ದರು. ಅತ್ತೆಗೆ ನಮ್ಮಲ್ಲೇ ಇದ್ದುಬಿಡುವ ಆಸೆ. ಅದನ್ನು ಅವರು ಬಾಯಿಬಿಟ್ಟು ಕೇಳಲೇ ಇಲ್ಲ. ಕೆಲಸ ಮಾಡಿ ಕೇಳಿದರು.

ಬಾಲ್ಕನಿಯಲ್ಲಿ ಬಿದ್ದಿದ್ದ ಖಾಲಿ ಪೇಂಟ್ ಬಕೆಟ್‌ಗಳಲ್ಲಿ ಮೆಂತ್ಯ ಚಿಗುರಿತು, ಕೊತ್ತಂಬರಿ ಎದ್ದಿತು. ಪಂಚಮಿಗೆ ಎಳ್ಳುಂಡಿ, ಶೇಂಗಾ ಉಂಡಿ. ಅಪಾರ್ಟ್‌ಮೆಂಟಿನ ಮಕ್ಕಳನ್ನೆಲ್ಲ ಕೂಡಿಸಿ ಮಣ್ಣಿನ ನಾಗಪ್ಪ ಮಾಡಿಸಿದರು. ಮಕ್ಕಳ ಉಗುರಿನಲ್ಲಿ ಕೆಸರು ಕಂಡು ತಾಯಂದಿರಿಗೆ ಎಂಥದೋ ಪುಳಕ. “ನಿಮ್ಮನೇಲಿ ಎಷ್ಟ್ ಚೆನ್ನಾಗಿದೆ ಕಣ್ರೀ! ಹಬ್ಬ ಅಂದ್ರೆ ಇದು,” ಎಂದು ಎದುರುಮನೆಯ ಆಂಟಿ ಬಂದು ಬಂದು ಹೇಳುತ್ತಿದ್ದರು. ಅಮ್ಮ ಅತ್ತೆಯನ್ನು ಪರಿಚಯಿಸುತ್ತಿದ್ದದ್ದು ಒಂದೇ ವಾಕ್ಯದಲ್ಲಿ: “ನಮ್ ಯಜಮಾನ್ರ ಅಕ್ಕ. ಶ್ರಾವಣಕ್ಕೆ ಬಂದಿದಾರೆ.” ಬ್ರೆಡ್ ಪ್ಯಾಕೆಟ್ಟಿನ ಮೇಲೆ ತಾರೀಖು ಒತ್ತಿದ ಹಾಗೆ.

ಮೆಂತ್ಯ ಹಾಕಿದಾಗ ಅಮ್ಮನದು ತಕರಾರಿರಲಿಲ್ಲ. ಮೆಂತ್ಯ ತಿಂಗಳೊಳಗೆ ಪಾತ್ರೆಗೆ ಬೀಳುತ್ತದೆ. ಅತ್ತೆ ಎಲ್ಲಿಂದಲೋ ಒಂದು ಕರಿಬೇವಿನ ಸಸಿ ತಂದು ನೆಟ್ಟ ದಿನ ಮಾತ್ರ ಅಮ್ಮನ ಮುಖ ಬಿಗಿಯಿತು.

“ಅಕ್ಕಾ, ಇದು ದೊಡ್ಡದಾಗಾಕ ವರ್ಷಗಟ್ಟಲೆ ಬೇಕಲ್ರೀ?”

“ಆಗ್ಲಿ ಬಿಡವಾ, ಅವಸರ ಏನೈತಿ?”

ಸಂಜೆಯ ಹೊತ್ತಿಗೆ ಆ ಸಸಿ ಗೇಟಿನ ಸೆಕ್ಯೂರಿಟಿಯವನ ಪಾಲಾಗಿತ್ತು. ಬಾಲ್ಕನಿಗೆ ನೆರಳು ಬೀಳುತ್ತದಂತೆ. ಗೇಣುದ್ದದ ಗಿಡದ ನೆರಳು! ಮರುದಿನ ಅತ್ತೆ ಅಟ್ಟದ ಮೇಲಿನ ಹಳೆಯ ಸೀರೆಗಳನ್ನೆಲ್ಲ ಇಳಿಸಿ, ಹಾಲಿನ ನಡುವೆ ಹಾಸಿ, ಕೌದಿ ಶುರು ಮಾಡಿದರು.

ಅದೇನು ಸಾಮಾನ್ಯ ನಡೆಯಲ್ಲ. ನಮ್ಮ ಮನೆತನದಲ್ಲಿ ಒಂದು ರೂಢಿಯಿದೆ: ಕೌದಿಯನ್ನು ಯಾವ ಮನೆಯಲ್ಲಿ ಹಾಸಿದರೋ ಆ ಮನೆಯಲ್ಲೇ ಮುಗಿಸಬೇಕು, ಮೊದಲ ಹೊಲಿಗೆ ಹಾಕಿದವಳು ಅದನ್ನು ಅರ್ಧಕ್ಕೆ ಬಿಟ್ಟು ಹೊಸ್ತಿಲು ದಾಟಬಾರದು. ಶಾಲೆಯ ಚರ್ಚಾಸ್ಪರ್ಧೆಗೆ ಆಗಷ್ಟೇ ಸೇರಿದ್ದ ನಾನು ಸುಮ್ಮನಿರುತ್ತೇನೆಯೇ?

“ದಾಟಿದ್ರೆ ಏನಾಗತ್ತೆ ಅತ್ತೆ? ಪ್ರೂಫ್ ಏನಿದೆ?”

“ಏನಾಕ್ಕೈತಿ ಯವ್ವಾ? ಏನೂ ಆಗಂಗಿಲ್ಲ,” ಎಂದರು ಅತ್ತೆ, ಸೂಜಿಯಿಂದ ಕಣ್ಣೆತ್ತದೆ. “ಆದ್ರ ಯಾರೂ ದಾಟಂಗಿಲ್ಲ.”

ನಂತರದ ಯಾವ ವೇದಿಕೆಯಲ್ಲೂ ನಾನು ಇಷ್ಟು ಗಟ್ಟಿಯಾದ ಉತ್ತರ ಕೇಳಿಲ್ಲ.

ಅತ್ತೆಯ ಹೊಲಿಗೆ ಸಾಸಿವೆಯಷ್ಟು ಸಣ್ಣದು. ದಿನವಿಡೀ ಕೂತರೂ ಅಂಗೈಯಗಲ ಸಾಗುತ್ತಿರಲಿಲ್ಲ. ಆ ವೇಗದಲ್ಲಿ ಹೋದರೆ ದೀಪಾವಳಿ, ಸಂಕ್ರಾಂತಿ... ಲೆಕ್ಕ ನನಗೆ ಹೊಳೆಯುವ ಮೊದಲೇ ಅಮ್ಮನಿಗೆ ಹೊಳೆದಿತ್ತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅಪ್ಪ ಪಿಸುಗುಟ್ಟುವುದು ಕೇಳಿಸಿತು.

“ನಾ ಹೆಂಗ ಹೋಗಂತ ಹೇಳ್ಲಿ? ಒಡಹುಟ್ಟಿದಾಕಿ. ಕೌದಿ ಮುಗಿಯೂತನಕಾರ ಇರ್ಲಿ.”

“ಹಂಗಾರ ಮುಗ್ಸೂಣು,” ಎಂದರು ಅಮ್ಮ.

ಅಂದು ಸಂಜೆ ಟಿವಿ ಆರಿತು. ಅಮ್ಮ ಸೂಜಿ ಹಿಡಿದು ಕೌದಿಯ ಒಂದು ಬದಿಗೆ ಕೂತರು. ಮರುದಿನ ಅಪ್ಪ ಆಫೀಸಿನಿಂದ ಬೇಗ ಬಂದು ಇನ್ನೊಂದು ಬದಿಗೆ ಕೂತರು. ಅವರಿಗೆ ಅಂಗಿಯ ಗುಂಡಿ ಹಚ್ಚಲೂ ಬರುತ್ತಿರಲಿಲ್ಲ. ನನ್ನನ್ನೂ ಕರೆದು ಕೂಡಿಸಿದರು. ಎದುರುಮನೆಯ ಆಂಟಿ ಬಂದು ಸೇರಿಕೊಂಡರು. ಅವರಿಗೆ ಪಾಪ ಒಳಗಿನದೇನೂ ಗೊತ್ತಿರಲಿಲ್ಲ. ಚುರುಮುರಿ, ಚಹಾ, ನಗೆ. “ತಮ್ಮಾ, ನಿನ್ನ ಹೊಲಿಗಿ ನೋಡಿದ್ರ ಗೋಣಿಚೀಲನೂ ನಗತೈತಿ,” ಎಂದು ಅತ್ತೆ ಅಪ್ಪನನ್ನು ಕಾಡಿಸುತ್ತಿದ್ದರು. ನಮ್ಮ ಹೊಲಿಗೆಗಳು ದಿನದಿಂದ ದಿನಕ್ಕೆ ಉದ್ದವಾದವು, ಅವರದು ಇನ್ನಷ್ಟು ಸಣ್ಣಗಾಯಿತು. ಅಂಚಿನಿಂದ ನಾವೆಲ್ಲ ಒಳಕ್ಕೆ ಒತ್ತುತ್ತ ಬಂದೆವು. ಹೊಲಿಯದ ಜಾಗ ಅತ್ತೆಯ ಮಡಿಲಿನಷ್ಟಾಯಿತು, ಆಮೇಲೆ ಒಂದು ರೊಟ್ಟಿಯಷ್ಟು...

ಇವತ್ತಿಗೂ ನೆಂಟರು ಸೇರಿದಾಗ ಆ ಸಂಜೆಗಳ ಮಾತು ಬರುತ್ತದೆ. ಮನೆಮಂದಿಯೆಲ್ಲ ಕೂಡಿ ಕೂತದ್ದು ಆವಾಗಲೇ, ಬಂಗಾರದಂಥ ತಿಂಗಳು ಅದು, ಎನ್ನುತ್ತಾರೆ. ಕೂತದ್ದು ನಿಜ. ಏಕೆ ಕೂತೆವು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೌದಿ ಹಸಿದಿರಬಾರದೆಂದು, ಕೊನೆಯ ಹೊಲಿಗೆ ಬೀಳುವ ಮೊದಲು ಒಳಗೊಂದು ಚೂರು ರೊಟ್ಟಿ ಇಡುವುದು ಪದ್ಧತಿ. ಅತ್ತೆ ಅಡುಗೆಮನೆಗೆ ಹೋಗಲು ಏಳಹೊರಟರು. ಏಳುವ ಅಗತ್ಯವೇ ಬರಲಿಲ್ಲ. ಅಮ್ಮ ರೊಟ್ಟಿಯ ಚೂರನ್ನು ತಟ್ಟೆಯಲ್ಲಿಟ್ಟು ಮುಚ್ಚಿ, ಪಕ್ಕದಲ್ಲೇ ತಯಾರಾಗಿಟ್ಟುಕೊಂಡಿದ್ದರು. ಅತ್ತೆ ಆ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದರು. ಚೂರನ್ನು ಒಳಗಿಟ್ಟು, ಹೊಲಿದು, ದಾರವನ್ನು ಹಲ್ಲಿನಿಂದ ಕಡಿದರು.

“ಎಲ್ಲಾರೂ ಕೈ ಹಚ್ಚಿದ್ರಿ. ಲಗೂನ ಮುಗೀತು,” ಎಂದರು.

ಆ ಭಾನುವಾರ ಅಪ್ಪ ಅವರನ್ನು ಬಸ್ ಹತ್ತಿಸಿ ಬಂದರು. ಮುಂದಿನ ಶ್ರಾವಣಕ್ಕೆ ಕರೆಯಬೇಕೇ ಎಂಬ ಮಾತು ಬಂದಾಗ, “ಇನ್ನೊಂದು ಹಾಸಿಬಿಟ್ರ?” ಎಂದು ಅಮ್ಮ ನಕ್ಕರು. ಅಪ್ಪನೂ ನಕ್ಕರು. ಆಮೇಲೆ ಅವರನ್ನು ಯಾರೂ ಕರೆಯಲಿಲ್ಲ.

ಈ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು, ಅದೇ ತಗಡಿನ ಕೋಣೆಯಲ್ಲಿ. ಮಣ್ಣು ಮಾಡಿ ಬಂದ ಅಪ್ಪ ಊಟಕ್ಕೆ ಕೂತಾಗ ಹೇಳಿದರು: “ಇಲ್ಲಿಂದ ಹೋದಮ್ಯಾಲ ಅಕ್ಕ ಸೂಜೀನ ಮುಟ್ಟಲಿಲ್ಲಂತ. ಊರವರು ಬಟ್ಟಿ ತಂದು ಕೊಟ್ರೂ ವಾಪಸ್ ಕಳಿಸ್ತಿದ್ಳಂತ.”

“ಕಣ್ಣು ಮಂಜಾಗಿರಬೇಕು, ಪಾಪ,” ಎಂದರು ಅಮ್ಮ, ಸಾರು ಬಡಿಸುತ್ತ.

ನಾನು ವಾದಕ್ಕೆ ಇಳಿಯಲಿಲ್ಲ. ಒಂದು ಸಂಗತಿಯನ್ನಷ್ಟೇ ನೆನಪಿಸಿದೆ: ಆ ತಿಂಗಳು ಪ್ರತಿ ಸಂಜೆ, ಕನ್ನಡಕವಿಲ್ಲದೆ, ನಮ್ಮೆಲ್ಲರ ಸೂಜಿಗೂ ದಾರ ಪೋಣಿಸಿ ಕೊಡುತ್ತಿದ್ದವರು ಅತ್ತೆಯೇ.

ಅಪ್ಪ ಊಟ ಅರ್ಧಕ್ಕೆ ಬಿಟ್ಟು, ತಟ್ಟೆಯಲ್ಲೇ ಕೈ ತೊಳೆದು ಎದ್ದರು.