ಆರೂ ಹೊಡೀತಿದೆ ಎಂದಿದ್ದೆ

ಪ್ರೀತಿಯ ತಮ್ಮಂದಿರಿಗೆ,

ಇವತ್ತು ನಮ್ಮ ಬೀದಿಯಲ್ಲಿ ಯಾರೋ ಸ್ಕೂಟರಿನ ಪ್ಲಗ್ಗನ್ನು ಪೆಟ್ರೋಲಿನಲ್ಲಿ ತೊಳೆಯುತ್ತಿದ್ದರು. ಆ ವಾಸನೆಗೆ ಶ್ರೀನಿವಾಸಪುರದ ಮನೆಯಂಗಳ ಕಣ್ಮುಂದೆ ಬಂತು ಕಣ್ರಪ್ಪಾ.

ಮಾವಿನ ಮಂಡಿ ನಡೆಸುತ್ತಿದ್ದ ಅಪ್ಪ ಬೆಂಗಳೂರಿನಿಂದ ತಂದಿದ್ದ ಆರು ಸಿಲಿಂಡರಿನ ಹಳೇ ಜರ್ಮನ್ ಕಾರು ನಿಮಗೆ ನೆನಪಿರಲಾರದು, ಆಗ ನೀವಿನ್ನೂ ಚಿಕ್ಕವರು. ದಿನಾ ಬೆಳಿಗ್ಗೆ ಅಪ್ಪ ಎಂಜಿನ್ ಚಾಲೂ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು ಒಂದೊಂದು ಸಿಲಿಂಡರಿನ ಬಡಿತವನ್ನೂ ಆಲಿಸುತ್ತಿದ್ದರು.

"ನನ್ ನಾಡಿ ಒಂದಿನಾನೂ ಹಿಡಿದು ನೋಡ್ಲಿಲ್ಲ, ಇದರ ಎದೆ ಮಾತ್ರ ದಿನಾ ನೋಡ್ತೀರಿ" ಎಂದು ಅಮ್ಮ ರೇಗಿಸುತ್ತಿದ್ದಳು.

ಬರುಬರುತ್ತಾ ಅಪ್ಪನ ಕಿವಿ ಮಂದವಾಯಿತು. ಸ್ಕ್ರೂಡ್ರೈವರಿನ ಹಿಡಿ ನನ್ನ ಕಿವಿಗೆ ಬಂತು. "ಆರೂ ಹೊಡೀತಿದ್ಯೇನಮ್ಮಾ?" ಎಂದು ಕೇಳುವರು, ನಾನು ಹೇಳಿದ್ದನ್ನು ನಂಬುವರು.

ಮುಳಬಾಗಿಲಿನ ಚಿಕ್ಕಮ್ಮನ ಮನೆಗೆ ಹೊರಟ ದಿನ ಒಂದು ಸಿಲಿಂಡರು ಬಡಿಯುತ್ತಿರಲಿಲ್ಲ. ಹೇಳಿದರೆ ಪ್ರಯಾಣ ನಿಲ್ಲುತ್ತಿತ್ತು. ನಾನು ಹೊಸ ಲಂಗ ಉಟ್ಟು ನಿಂತಿದ್ದೆ. "ಆರೂ ಹೊಡೀತಿದೆ ಅಪ್ಪಾ" ಎಂದೆ.

ಮುಳಬಾಗಿಲು ಇನ್ನೂ ದೂರವಿರುವಾಗಲೇ ಎಂಜಿನ್ ಕಾದು, ಸಿಲಿಂಡರುಗಳ ಮೇಲಿನ ಮುಚ್ಚಳ, ಅಂದರೆ ಹೆಡ್ಡು, ಸೀಳಿ, ಕಾರು ನಿಂತುಬಿಟ್ಟಿತು. ಬದಲಿ ಹೆಡ್ಡು ಬೆಂಗಳೂರಿನಲ್ಲೂ ಸಿಗಲಿಲ್ಲ.

"ಮಗೂನ ಕೇಳ್ಕೊಂಡು ಗಾಡಿ ಓಡಿಸ್ತೀರಲ್ರೀ!" ಎಂದಳು ಅಮ್ಮ.

"ಅವಳನ್ನೇನೂ ಅನ್ಬೇಡ ಕಣೇ. ಕಿವುಡ ಇಂಥಾ ಗಾಡಿ ಇಟ್ಕೋಬಾರ್ದು" ಎಂದರು ಅಪ್ಪ. ಗುಜರಿಯವರು ಕಾರನ್ನು ಎಳೆದುಕೊಂಡು ಹೋಗುವಾಗ ಅವರು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು.

ಎಷ್ಟೋ ವರ್ಷಗಳ ಮೇಲೆ, ಅವರ ಮಂಚದ ಪಕ್ಕ ಕೂತು ನಿಜ ಹೇಳಿದೆ. ಅಷ್ಟೊತ್ತಿಗೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ನನ್ನ ಮುಖ ನೋಡಿ ನಕ್ಕು, "ಹೂಂ" ಅಂದರು.

ಅದಕ್ಕೇ ಇವತ್ತು ನಿಮಗಾದರೂ ಬರೆಯುತ್ತಿದ್ದೇನೆ.