ನಮ್ಮೂರ ಹೈಸ್ಕೂಲಿನ ಒಬ್ಬಳೇ ಹುಡುಗಿ

ನಮ್ಮೂರಿಗೆ ಸರ್ಕಾರಿ ಹೈಸ್ಕೂಲು ಬಂದದ್ದು ನಾನು ಏಳನೆಯ ತರಗತಿ ಮುಗಿಸಿದ ವರ್ಷ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಲ್ಲಿಯವರೆಗೆ ಏಳು ಪಾಸಾದ ಗಂಡುಹುಡುಗರು ಬಸ್ಸಿನಲ್ಲಿ ತಿಪಟೂರಿಗೆ ಹೋಗುತ್ತಿದ್ದರು, ಹೆಣ್ಣುಮಕ್ಕಳು ಮನೆಯಲ್ಲಿ ಉಳಿಯುತ್ತಿದ್ದರು. ಸ್ಕೂಲು ಮಂಜೂರಾಗಿತ್ತೇ ಹೊರತು ಕಟ್ಟಡವಿರಲಿಲ್ಲ. ಊರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಕಾಯಿ ತುಂಬುತ್ತಿದ್ದ ತಮ್ಮ ಹಳೆಯ ಗೋಡೌನು ಬಿಟ್ಟುಕೊಟ್ಟರು. ಮೊದಲ ವರ್ಷವೆಲ್ಲ ನಮ್ಮ ಪುಸ್ತಕಗಳಿಗೆ ಕೊಬ್ಬರಿಯ ಕಮಟು ವಾಸನೆ ಹಿಡಿದಿತ್ತು.

ಏಳನೆಯ ತರಗತಿಯಲ್ಲಿ ನಾವು ಐವರು ಹುಡುಗಿಯರಿದ್ದೆವು. ಒಬ್ಬಳಿಗೆ ಆ ಬೇಸಿಗೆಯಲ್ಲೇ ಮದುವೆಯಾಯಿತು. ಇನ್ನು ಮೂವರ ಮನೆಯವರು, ಗಂಡುಹುಡುಗರ ಮಧ್ಯೆ ಯಾಕೆ ಎಂದು ಸುಮ್ಮನಾದರು. ನಮ್ಮಪ್ಪ ಮಾತ್ರ ನನ್ನನ್ನು ಹೆಡ್‌ಮಾಸ್ಟರ ಮುಂದೆ ನಿಲ್ಲಿಸಿ, “ಬಾಗ್ಲಿಗೇ ಬಂದೈತೆ ಸ್ಕೂಲು, ಓದ್ಲಿ ಬುಡಿ ಸಾ” ಎಂದರು.

ಹುಡುಗರೆಲ್ಲ ಚಾಪೆಯ ಮೇಲೆ ಕೂರುತ್ತಿದ್ದರು. ನನಗೆ ಮಾತ್ರ ಗೋಡೆಯ ಪಕ್ಕ ಅಡ್ಡವಾಗಿ ಒಂದು ಬೆಂಚು. ಅಲ್ಲಿಂದ ಬೋರ್ಡು ಓರೆಯಾಗಿ ಕಾಣುತ್ತಿತ್ತು. ಹಾಜರಿಯಲ್ಲಿ ನನ್ನ ಹೆಸರು ಎಲ್ಲರಿಗಿಂತ ಕೊನೆಗೆ ಬರುತ್ತಿತ್ತು. “ಎಸ್ ಸಾರ್” ಎನ್ನುತ್ತಿದ್ದೆ. ಎಷ್ಟೋ ದಿನ ಸಂಜೆಯವರೆಗೆ ನನ್ನ ಬಾಯಿಂದ ಹೊರಟ ಮಾತು ಅದೊಂದೇ. ಪ್ರೈಮರಿಯಲ್ಲಿ ನನ್ನ ಜೊತೆ ಕುಂಟೆಬಿಲ್ಲೆ ಆಡಿದ್ದ ಹುಡುಗರೂ ಹೈಸ್ಕೂಲಿನಲ್ಲಿ ನನ್ನನ್ನು ಕಂಡರೆ ನೆಲ ನೋಡುತ್ತಿದ್ದರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಹೇಗೆ ಮಾತಾಡಿಸಬೇಕೆಂದು ತಿಳಿಯುತ್ತಿರಲಿಲ್ಲ, ಅಷ್ಟೆ. ನನಗೂ ತಿಳಿಯುತ್ತಿರಲಿಲ್ಲ.

ಆಟದ ಪೀರಿಯಡ್ಡು ಎಲ್ಲಕ್ಕಿಂತ ಉದ್ದ. “ನೀನೊಬ್ಳೇ ಏನಾಡ್ತೀಯಮ್ಮ, ಸ್ಕೋರ್ ಬರ್ಕೋ ಬಾ” ಎಂದು ಡ್ರಿಲ್ ಮೇಷ್ಟ್ರು ಪೆನ್ಸಿಲ್ಲು ಕೊಡುತ್ತಿದ್ದರು. ಹುಡುಗರ ಕಬಡ್ಡಿಗೆ ವರ್ಷವೆಲ್ಲ ಪಾಯಿಂಟಿನ ಗೆರೆ ಎಳೆದೆ.

ಮರುವರ್ಷ ಎಂಟಕ್ಕೂ ಹುಡುಗಿಯರು ಯಾರೂ ಸೇರಲಿಲ್ಲ. ಒಂಬತ್ತನೆಯ ತರಗತಿಗೆ ಹೊಸ ಹಿಂದಿ ಮಿಸ್ ಬಂದರು. ಧಾರವಾಡದ ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ. ತಿಪಟೂರಿನಲ್ಲಿ ಒಂದು ಕೋಣೆ ಹಿಡಿದು ದಿನಾ ಬಸ್ಸಿಗೆ ಬರುತ್ತಿದ್ದರು. ಹುಡುಗರು ಅವರ ಮಾತನ್ನು ಅಣಕಿಸುತ್ತಿದ್ದರು. ಮೇಷ್ಟ್ರುಗಳ ಕೋಣೆಯಲ್ಲಿ ಉಣ್ಣಲು ಸಂಕೋಚಪಟ್ಟು ಅವರು ಖಾಲಿ ತರಗತಿಯಲ್ಲಿ ಡಬ್ಬಿ ಬಿಚ್ಚುತ್ತಿದ್ದರು.

ಒಂದು ದಿನ ಆಟದ ಹೊತ್ತಿನಲ್ಲಿ ನನ್ನ ಹತ್ತಿರ ಬಂದು ಕೇಳಿದರು: “ಒಬ್ಬಾಕಿನ ಯಾಕ ಕುಂತೀಯವಾ?”

“ನನ್ ಜೊತೆ ಯಾರೂ ಇಲ್ಲ ಮಿಸ್.”

“ನನಗೂ ಇಲ್ಲಿ ಯಾರಿಲ್ಲ. ಬಾ, ಆಡೂಣು.”

ಎರಡು ತೆಂಗಿನ ಮರಗಳ ನಡುವೆ ನಾರಿನ ಹಗ್ಗ ಕಟ್ಟಿದರು. ರಬ್ಬರಿನ ರಿಂಗನ್ನು ಹಗ್ಗದ ಆಚೆಗೆ ಎಸೆಯಬೇಕು, ಆಚೆಯವರು ಅದು ನೆಲಕ್ಕೆ ಬೀಳದಂತೆ ಒಂದೇ ಕೈಯಲ್ಲಿ ಹಿಡಿಯಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಿಸ್ ಆಡುತ್ತಿದ್ದರು. ಕೈತಪ್ಪಿದಾಗ ಜೋರಾಗಿ ನಗುತ್ತಿದ್ದರು. ಆ ಸ್ಕೂಲಿನಲ್ಲಿ ನಾನು ಮೊದಲು ನಕ್ಕದ್ದು ಆಗಲೇ. ತಾಲ್ಲೂಕು ಮಟ್ಟದ ಕ್ರೀಡಾಕೂಟದ ಪಟ್ಟಿಗೆ ನನ್ನ ಹೆಸರು ಬರೆಸಿದವರೂ ಅವರೇ.

ಕೂಟಕ್ಕೆ ಇನ್ನು ಹದಿನೈದು ದಿನವಿದ್ದಾಗ ಹಗ್ಗದ ಹತ್ತಿರ ನಿಂತು ಹೇಳಿದರು: “ನಮ್ಮ ಕಡೆ ಟ್ರಾನ್ಸ್‌ಫರ್ ಆತವಾ. ನಮ್ಮವ್ವಗ ಆರಾಮಿಲ್ಲ, ಭಾಳ ದಿನದಿಂದ ಕೇಳಿದ್ದೆ. ನೀ ಮಾತ್ರ ಆಟ ಬಿಡಬ್ಯಾಡ.”

ನಾನು “ಹೂಂ ಮಿಸ್” ಎಂದೆ. ಎದೆಯೊಳಗೆ ಸಿಟ್ಟಿತ್ತು. ಅವರ ಬೀಳ್ಕೊಡುಗೆಯ ದಿನ ಹೊಟ್ಟೆನೋವೆಂದು ಸುಳ್ಳು ಹೇಳಿ ತೋಟಕ್ಕೆ ಹೋಗಿ ಕೂತೆ. ಮನೆಗೆ ಬಂದಾಗ ಅಜ್ಜಿ ಒಂದು ಹೊಸ ರಿಂಗನ್ನು ಕೈಗಿಟ್ಟಳು.

“ನಿಮ್ ಟೀಚರಮ್ಮ ಬಂದಿದ್ರು ಕಣೇ. ನಿಂಗೋಸ್ಕರ ಬಾಳ ಹೊತ್ತು ಕಾದ್ರು. ಬಸ್ ಟೈಮಾಯ್ತು ಅಂತ ಹೊಂಟೋದ್ರು.”

ಕಿಬ್ಬನಹಳ್ಳಿ ಕ್ರಾಸಿನ ಬಸ್ ನಿಲ್ದಾಣಕ್ಕೆ ಓಡಿದೆ. ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಕೂಟದವರೆಗೂ ಒಬ್ಬಳೇ ಆಡಿದೆ. ರಿಂಗನ್ನು ಹಗ್ಗದ ಆಚೆಗೆ ಎಸೆಯುವುದು, ಬಗ್ಗಿ ಹಗ್ಗ ದಾಟಿ ಹೋಗಿ ಎತ್ತಿಕೊಳ್ಳುವುದು, ಅಲ್ಲಿಂದ ಮತ್ತೆ ಈಚೆಗೆ ಎಸೆಯುವುದು. ಎಸೆಯುವುದನ್ನಷ್ಟೇ ಕಲಿತೆ. ಹಿಡಿಯುವುದನ್ನು ಒಬ್ಬಳೇ ಕಲಿಯುವುದು ಹೇಗೆ?

ತಿಪಟೂರಿನಲ್ಲಿ ನಡೆದ ಕೂಟಕ್ಕೆ ಅಪ್ಪ ಜೊತೆಗೆ ಬಂದು ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ಕೂತರು. ಮೊದಲ ಆಟ ಗೆದ್ದೆ. ಎರಡನೆಯದಕ್ಕೆ ಎದುರಾದವಳು ಪೇಟೆಯ ಹುಡುಗಿ. ಅವಳ ಹಿಂದೆ ಗೆಳತಿಯರ ದೊಡ್ಡ ಗುಂಪೇ ನಿಂತು ಅವಳ ಹೆಸರು ಕೂಗುತ್ತಿತ್ತು. ನನ್ನ ಹಿಂದೆ ಕಬಡ್ಡಿಗೆ ಬಂದಿದ್ದ ನಮ್ಮ ಕ್ಲಾಸಿನ ಹುಡುಗರು ಬಾಯಿಮುಚ್ಚಿ ನಿಂತಿದ್ದರು. ನಾನು ಸೋಲುತ್ತಾ ಬಂದಾಗ ಅವರಲ್ಲೊಬ್ಬ ತಡೆಯಲಾರದೆ, “ಬುಡಬ್ಯಾಡ ಕಣಮ್ಮೋ!” ಎಂದು ಕಿರುಚಿದ. ಆಮೇಲೆ ಎಲ್ಲರೂ ಕೂಗತೊಡಗಿದರು. ಯಾರಿಗೂ ನನ್ನ ಹೆಸರು ಬಾಯಿಗೆ ಬರಲಿಲ್ಲ, ಊರಿನ ಹೆಸರನ್ನೇ ಕೂಗಿದರು.

ಸೋತೆ. ಆದರೂ ಮೈ ಜುಮ್ಮೆನ್ನುತ್ತಿತ್ತು. ನಾಳೆಯಿಂದ ಇವರು ಮಾತಾಡಿಸಬಹುದು ಎಂದುಕೊಂಡೆ. ಹಿಂದಿರುಗುವಾಗ ಅಪ್ಪನೂ ನಾನೂ ಬಸ್ಸಿನಲ್ಲಿ ಮುಂದೆ ಕೂತಿದ್ದೆವು, ಅವರೆಲ್ಲ ಹಿಂದೆ ನಿಂತಿದ್ದರು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದು ಊರ ದಾರಿ ಹಿಡಿದಾಗ ಕೂಗಿದ ಆ ಹುಡುಗನೇ ತಲೆ ತಗ್ಗಿಸಿ ನಮ್ಮನ್ನು ದಾಟಿ ಮುಂದೆ ಹೋದ. ಮರುದಿನವೂ ಯಾರೂ ಮಾತಾಡಿಸಲಿಲ್ಲ.

ಹತ್ತನೆಯ ತರಗತಿ ಪಾಸಾದಾಗ ಹೆಡ್‌ಮಾಸ್ಟರಿಂದ ವಿಳಾಸ ಪಡೆದು ಮಿಸ್‌ಗೆ ಒಂದು ಕಾರ್ಡು ಹಾಕಿದೆ. ತೋಟದಲ್ಲಿ ಅಡಗಿದ್ದೆ, ತಪ್ಪಾಯಿತು ಎಂದು ಬರೆದೆ. ಉತ್ತರ ಬರಲಿಲ್ಲ. ಕಾರ್ಡು ಅವರಿಗೆ ಸಿಕ್ಕಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಆ ವರ್ಷವೇ ತಿಪಟೂರಿನ ಕಾಲೇಜಿಗೆ ಸೇರಿದೆ. ಅಲ್ಲಿ ಹುಡುಗಿಯರಿಗೆಂದೇ ಒಂದು ಕೋಣೆಯಿತ್ತು. ಮೊದಲ ದಿನ ಬಾಗಿಲು ನೂಕಿದರೆ ಒಳಗೆ ಇಪ್ಪತ್ತು ಮಂದಿ ಒಟ್ಟಿಗೆ ಮಾತಾಡುತ್ತಿದ್ದರು. “ಬಾರೇ ಒಳಗೆ” ಎಂದು ಒಬ್ಬಳು ಜಾಗ ಬಿಟ್ಟಳು. ನಾನು ಬಹಳ ಹೊತ್ತು ಹೊಸ್ತಿಲಲ್ಲೇ ನಿಂತಿದ್ದೆ.