ಟೀಚರ್ ರಿಪೇರಿ ಮಾಡಿದ ಮಾತು

ಒಂದು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿ, ಹಲ್ಲಿನ ನಡುವೆ ಸ್ಕ್ರೂಡ್ರೈವರ್ ಕಚ್ಚಿಕೊಂಡು, ಊಟದ ಮೇಜಿನ ಮೇಲೆ ಬಗ್ಗಿರುತ್ತಿದ್ದರು ಟೀಚರ್. ಎರ್ನಾಕುಲಂನ ಪಾಲಾರಿವಟ್ಟದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅವರು. ಕಾಸರಗೋಡಿನವರು, ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾಗಿದ್ದರು. ಬೀದಿಗೆಲ್ಲ ಟೀಚರ್. ಬ್ಯಾಂಕಿನ ಕೆಲಸಕ್ಕೆಂದು ಮೈಸೂರಿನಿಂದ ಬಂದಿದ್ದ ನನಗೂ ಟೀಚರ್. ಅವರಿಗೆ ನಾನು 'ಮೋಳೇ', ಅಂದರೆ ಮಗಳು.

ಎರಡು ಸಾವಿರದ ಇಸವಿ ದಾಟಿತ್ತು, ಮನೆಮನೆಗೆ ಹೊಸ ಕಂಪ್ಯೂಟರ್ ಬರುತ್ತಿತ್ತು. ಟೀಚರ್ ಮೇಜಿನ ಮೇಲೆ ಮಾತ್ರ ರಿಪೇರಿಗೆ ಬಂದ, ಟಿವಿಗೆ ಜೋಡಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಹಾಕುವ ಓಬೀರಾಯನ ಕಾಲದ ಕಂಪ್ಯೂಟರುಗಳು. ಆನ್ ಮಾಡಿದರೆ ಬರೀ ಕಪ್ಪು ಪರದೆ. "ಮೊದಲು ಅದಕ್ಕೆ ಊಟ ಸರಿ ಸಿಗ್ತದಾ ನೋಡ್ಬೇಕು" ಎನ್ನುತ್ತ ವೋಲ್ಟೇಜ್ ಅಳೆಯುತ್ತಿದ್ದರು. ಉಳಿದದ್ದೆಲ್ಲ ಆಮೇಲೆ.

ಒಮ್ಮೆ ತಿರುವನಂತಪುರದಿಂದ ಒಬ್ಬರು ಫೋನ್ ಮಾಡಿದರು. ಅವರ ಮಗಳಿಗೆ ಹುಟ್ಟಿನಿಂದ ಮಾತಿಲ್ಲ, ಕೈಕಾಲು ಹಿಡಿತದಲ್ಲಿಲ್ಲ. ಅವಳ ಸೋದರಮಾವ ಟೀಚರ್ ಶಿಷ್ಯ. ಅವಳಿಗಾಗಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದ. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬರುತ್ತಿದ್ದವು. ಬೇಕಾದದ್ದು ಬಂದಾಗ ಅವಳು ಹೇಗೋ ಒಂದು ಕೀ ಒತ್ತಿ, ಹಾಗೆ ಮಾತು ಜೋಡಿಸುತ್ತಿದ್ದಳು. ಮಾವ ತೀರಿಕೊಂಡಿದ್ದ. ಈಗ ಕಂಪ್ಯೂಟರ್ ಶುರುವೇ ಆಗುತ್ತಿಲ್ಲ, ಹೊಸ ಕಂಪ್ಯೂಟರಿನಲ್ಲಿ ಆ ಪ್ರೋಗ್ರಾಂ ಓಡುವುದಿಲ್ಲ. ಪಾರ್ಸೆಲ್ ಮಾಡಲೇ ಎಂದು ಕೇಳಿದರು.

ತಾವೇ ಬರುವುದಾಗಿ ಹೇಳಿ ಫೋನ್ ಇಟ್ಟ ಟೀಚರ್ ನನ್ನತ್ತ ತಿರುಗಿದರು. "ಅವಳ ಬಾಯಿಯನ್ನು ಪಾರ್ಸೆಲ್ ಮಾಡ್ಲಿಕ್ಕೆ ಆಗ್ತದಾ? ನೀನೂ ಬಾ ಮೋಳೇ, ಚೀಲ ಹಿಡೀಲಿಕ್ಕೆ ಒಬ್ಬರು ಬೇಕು."

ಭಾನುವಾರ ಹೋದೆವು. ಗಾಲಿಕುರ್ಚಿಯಲ್ಲಿ ಕುಳಿತಿದ್ದ ಮಗಳು ಟೀಚರ್ ಕೈಯಿಂದ ಕಣ್ಣು ಕೀಳಲಿಲ್ಲ. ವೋಲ್ಟೇಜ್ ಸರಿಯಿತ್ತು. ಟೀಚರ್ ಕಂಪ್ಯೂಟರಿನ ಮುಚ್ಚಳ ತೆಗೆದು, ಚಿಪ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತ ಹೋದವರು ಒಂದರ ಬಳಿ ಚಟ್ಟನೆ ಕೈ ಹಿಂದಕ್ಕೆಳೆದರು.

"ಸಿಕ್ಕಿತು. ಇದು ಕಾವಲಿಯ ಹಾಗೆ ಕಾದಿದೆ."

ಸುಟ್ಟುಹೋದ ಆ ಚಿಪ್ ಅನ್ನು ಬಿಡಿಸಿ, ತಾವು ತಂದಿದ್ದ ಹಾಳು ಕಂಪ್ಯೂಟರೊಂದರಿಂದ ಅಂಥದ್ದೇ ಇನ್ನೊಂದನ್ನು ಕಿತ್ತು ಬೆಸುಗೆ ಹಾಕಿದರು. ಸ್ವಿಚ್ ಒತ್ತಿದಾಗ ಪರದೆ ಬೆಳ್ಳಗಾಯಿತು. ಕ್ಯಾಸೆಟ್ ಕಿರುಚಿ ಕಿರುಚಿ ಸುಮ್ಮನಾದ ಮೇಲೆ ಮಲಯಾಳಂ ಅಕ್ಷರಗಳು ಹೊರಟವು.

ಮಗಳು ಕೀ ಒತ್ತಿದಳು. ಕಾದಳು. ಮತ್ತೆ ಒತ್ತಿದಳು. ತಡೆಯಲಾರದೆ ನಾನು, "ನೀರು ಬೇಕಂತೇನೋ" ಎಂದೆ.

"ಸುಮ್ಮನಿರು. ಅವಳೇ ಹೇಳ್ಲಿ" ಎಂದರು ಟೀಚರ್.

ಎಷ್ಟೋ ಹೊತ್ತಿನ ಮೇಲೆ ತಂದೆ ಪರದೆ ನೋಡಿ ಓದಿದರು: "ಟೀಚರ್ ಕೈ ಸುಟ್ಟಿತಾ?"

ಟೀಚರ್ ಆ ಬೆರಳನ್ನು ಅವಳ ಮುಂದೆ ಹಿಡಿದು ತೋರಿಸಿದರು.

ವಾಪಸು ಬರುವ ರೈಲಿನಲ್ಲಿ ಅವರು ಆಡಿದ್ದು ಒಂದೇ ಮಾತು. "ಇಷ್ಟು ವಾರ ಮಾತಿಲ್ಲದೆ ಕೂತಿದ್ಲು. ಬಾಯಿ ಬಂದ ಕೂಡ್ಲೇ ಕೇಳಿದ್ದು ನನ್ನ ಕೈಯನ್ನು." ಎರ್ನಾಕುಲಂ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದರು.

ಟೀಚರ್ ಹೋಗಿ ಬಹಳ ವರ್ಷಗಳಾದವು. ಬೆಸುಗೆ ಹಾಕುವುದನ್ನು ನಾನು ಅವರಿಂದ ಕಲಿಯಲಿಲ್ಲ. ಆದರೆ ಬ್ಯಾಂಕಿನಲ್ಲಿ ನನ್ನ ಕೌಂಟರಿನ ಮುಂದೆ ಯಾರಾದರೂ ತಡವರಿಸಿದರೆ, ಅವರ ಮಾತನ್ನು ನಾನು ಮುಗಿಸಿಕೊಡುವುದಿಲ್ಲ. ಹಿಂದೆ ಸಾಲು ಎಷ್ಟೇ ಉದ್ದ ಬೆಳೆದರೂ ಕಾಯುತ್ತೇನೆ.